ರಷ್ಯದ ಶಾಯಿ, ಮೈಸೂರಿನ ಶಾಯಿ

1971ರ ಮಾರ್ಚ್ ತಿಂಗಳ ಲೋಕಸಭಾ ಚುನಾವಣೆಯ ಫಲಿತಾಂಶ ಗೆದ್ದವರನ್ನೂ ಸೋತವರನ್ನೂ ಏಕಪ್ರಕಾರವಾಗಿ ಬೆರಗುಗೊಳಿಸಿತು. 1969ರಲ್ಲಿ ಒಡೆದು ಎರಡಾಗಿದ್ದ ಕಾಂಗ್ರೆಸ್ಸಿನಲ್ಲಿ ಇಂದಿರಾ ಗಾಂಧಿಯವರ ಪಕ್ಷಕ್ಕೆ 352 ಸ್ಥಾನಗಳು ಬಂದವು. ನಮ್ಮ ರಾಜ್ಯ ಇನ್ನೂ ಮೈಸೂರು ಎಂದು ಕರೆಸಿಕೊಳ್ಳುತ್ತಿದ್ದ ಕಾಲ. ಇಲ್ಲಿ ಸರ್ಕಾರ ನಡೆಸುತ್ತಿದ್ದವರು ಎದುರು ಪಾಳೆಯದ ವೀರೇಂದ್ರ ಪಾಟೀಲರು. ಆ ಪಾಳೆಯದ ಹಿರಿಯರು ನಮ್ಮ ನಿಜಲಿಂಗಪ್ಪನವರು. ಆದರೂ ರಾಜ್ಯದ 27 ಸ್ಥಾನಗಳಲ್ಲಿ ಇಪ್ಪತ್ತೇಳೂ ಇಂದಿರಾ ಕಾಂಗ್ರೆಸ್ಸಿನ ಪಾಲಾದವು. ಜನಸಂಘದ ಬೆಂಬಲದಿಂದ ಬೆಂಗಳೂರಿನಲ್ಲಿ ನಿಂತಿದ್ದ ಕವಿ ಗೋಪಾಲಕೃಷ್ಣ ಅಡಿಗರೂ ಸೋತರು.

ಇಂಥ ಸೋಲಿಗೆ ಸಾಮಾನ್ಯವಾದ ಕಾರಣ ಸಾಲದೆಂದು ತೋರಿತೋ ಏನೋ. ದಕ್ಷಿಣ ದೆಹಲಿಯಲ್ಲಿ ಶಶಿಭೂಷಣರ ಎದುರು ಸೋತ ಜನಸಂಘದ ಬಲರಾಜ್ ಮಧೋಕರು ವಿಲಕ್ಷಣವಾದೊಂದು ಆರೋಪ ಮಾಡಿದರು. ಮತಪತ್ರಗಳಿಗೆ ರಾಸಾಯನಿಕ ಲೇಪನವಾಗಿದೆ; ಮತದಾರನು ಒತ್ತಿದ ಮುದ್ರೆ ಕೆಲವು ಕಾಲದ ಮೇಲೆ ಮಾಯವಾಗುತ್ತದೆ; ಹಸು-ಕರುವಿನ ಚಿಹ್ನೆಯ ಎದುರು ಮೊದಲೇ ಒತ್ತಿಟ್ಟಿದ್ದ ಕಾಣದ ಮುದ್ರೆ ಮೇಲೇಳುತ್ತದೆ; ಇದಕ್ಕೆ ಬೇಕಾದ ಶಾಯಿ ಬಂದದ್ದು ರಷ್ಯದಿಂದ.

ಆಗ ನಾನು ಬಸವನಗುಡಿಯಲ್ಲಿ ಓದುತ್ತಿದ್ದ ಹೈಸ್ಕೂಲು ಹುಡುಗ. ನಿಂಬೆರಸದಲ್ಲಿ ಬರೆದು ದೀಪದ ಕಾವಿಗೆ ಹಿಡಿದರೆ ಅಕ್ಷರ ಮೂಡುವ ಆಟ ನಮಗೆಲ್ಲ ಗೊತ್ತಿದ್ದುದರಿಂದ ಸುದ್ದಿ ನಂಬಲು ಕಷ್ಟವಾಗಲಿಲ್ಲ. ಗಾಂಧಿಬಜಾರಿನ ಹಿರಿಯರು ಮಾತ್ರ ಮೂರು ಪಂಗಡವಾದರು. ತನಿಖೆಯಾದರೆ ಮಾಸ್ಕೋದ ಕೈವಾಡ ಹೊರಬೀಳುವುದು ಖಂಡಿತ ಎಂದರು ಕೆಲವರು. ಸರ್ಕಾರ ಪೆಟ್ಟಿಗೆಯನ್ನೇ ತೆರೆಯಗೊಡುವುದಿಲ್ಲ ಎಂದರು ಇನ್ನು ಕೆಲವರು. ಮತದಾನ ಗೌಪ್ಯವಾದದ್ದು, ನ್ಯಾಯಾಲಯ ಬಾಗಿಲಲ್ಲೇ ಅರ್ಜಿಯನ್ನು ಹಿಂದಿರುಗಿಸುತ್ತದೆ ಎಂಬುದು ವಕೀಲರ ಭವಿಷ್ಯ. ಚಾಮರಾಜಪೇಟೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ ನಮ್ಮ ನೆರೆಯವರೊಬ್ಬರು ಭವಿಷ್ಯ ಹೇಳಲಿಲ್ಲ, ಪ್ರಶ್ನೆ ಕೇಳಿದರು: "ಒಂದು ಊರಲ್ಲಿ ಇವತ್ತು ಮತ ಹಾಕ್ತಾರೆ, ಇನ್ನೊಂದೂರಲ್ಲಿ ನಾಲ್ಕು ದಿನ ಬಿಟ್ಟು. ಎಣಿಸೋ ಹೊತ್ತಿಗೆ ಸರಿಯಾಗಿ ಹೋಗಬೇಕು, ಸರಿಯಾಗಿ ಬರಬೇಕು. ಶಾಯಿಗೆ ಪಂಚಾಂಗ ನೋಡೋಕೆ ಬರುತ್ಯೇ ಸ್ವಾಮಿ?"

ಚುನಾವಣೆಗೆ ಅಳಿಸದ ಶಾಯಿಯೂ ಒಂದಿದೆ, ಅದು ನಮ್ಮದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಆರಂಭವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರ ಚುನಾವಣೆಯಿಂದ ಮತದಾರರ ಬೆರಳಿನ ಶಾಯಿಯನ್ನು ಒದಗಿಸುತ್ತ ಬಂದಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದೊಡನೆ ಕಪ್ಪಾಗಿ ಚರ್ಮವನ್ನು ಕಚ್ಚಿಕೊಳ್ಳುತ್ತದೆ. ಬೆರಳ ಮೇಲೆ ಹೋಗದ ಶಾಯಿ, ಕಾಗದದ ಮೇಲೆ ನಿಲ್ಲದ ಶಾಯಿ! ಕಥೆಗಾರನಿಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ಮತಪತ್ರಗಳ ಪರೀಕ್ಷೆಯ ಪ್ರಶ್ನೆ ದೆಹಲಿಯ ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಅದನ್ನು ವಿಚಾರಿಸಿದವರಲ್ಲಿ ಒಬ್ಬರು ಕಾರ್ಕಳ ತಾಲ್ಲೂಕಿನ ಕೌಡೂರಿನವರಾದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು. ಗುಮಾನಿಯನ್ನು ಕೇಳಿ ನಕ್ಕುಬಿಡುವುದು ಸುಲಭವಾಗಿತ್ತು. ಮತಪತ್ರಗಳನ್ನೆಲ್ಲ ಹರಡಿ ನೋಡಲು ಬಿಡುವುದೂ ಸುಲಭವೇ. ಆದರೆ ಹಾಗೆ ಬಿಟ್ಟರೆ ಸೋತ ಪ್ರತಿಯೊಬ್ಬನೂ ಪೆಟ್ಟಿಗೆ ತೆರೆಸಲು ಬರುತ್ತಾನೆ. ನ್ಯಾಯಾಲಯ ಎರಡನ್ನೂ ಮಾಡಲಿಲ್ಲ. ಗೌಪ್ಯವನ್ನು ಕಾಪಾಡಬೇಕಾದದ್ದು ನಿಜ, ಆದರೆ ಆರೋಪ ಚುನಾವಣೆಯ ಬುಡಕ್ಕೇ ತಗಲುವಂಥದು. ಆದ್ದರಿಂದ ಮಾದರಿಗೆ ಕೆಲವು ಮತಪತ್ರಗಳನ್ನು ಮಾತ್ರ ತೆಗೆದು ನೋಡಬಹುದು ಎಂಬುದು ತೀರ್ಪಿನ ತಿರುಳು. ಗಾಂಧಿಬಜಾರಿನಲ್ಲಿ ಯಾರೂ ಇದನ್ನು ಊಹಿಸಿರಲಿಲ್ಲ. ಮತಪತ್ರಗಳನ್ನು ತೆಗೆದು ನೋಡಿದರು. ಆರೋಪ ಸಿದ್ಧವಾಗಲಿಲ್ಲ.

ಇದಕ್ಕೆ ನಾಲ್ಕು ವರ್ಷ ಹಿಂದಿನ ಇನ್ನೊಂದು ತನಿಖೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1967ರ ಚುನಾವಣೆಯಲ್ಲಿ ವಿದೇಶಿ ಹಣ ಹರಿದಾಡಿತೆಂಬ ದೂರು ಸಂಸತ್ತಿನಲ್ಲಿ ಎದ್ದಿತು. ಗೃಹಮಂತ್ರಿ ಯಶವಂತರಾವ್ ಚವಾಣರ ಇಲಾಖೆಯ ಗುಪ್ತಚರ ಸಂಸ್ಥೆ ವಿಚಾರಣೆ ನಡೆಸಿ ವರದಿ ಕೊಟ್ಟಿತು. ಅದರ ಸಾರವನ್ನು ಭಾರತದ ಮತದಾರ ತಿಳಿದದ್ದು ನ್ಯೂಯಾರ್ಕಿನ ಪತ್ರಿಕೆಯೊಂದರ ಮೂಲಕ; ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಪರಿಣಾಮವಾಗಿ ಎಡದವರು ವಾಷಿಂಗ್ಟನ್ ಎಂದರು, ಬಲದವರು ಮಾಸ್ಕೋ ಎಂದರು, ಇಬ್ಬರಿಗೂ ಅದೇ ಮುಚ್ಚಿದ ಕಡತ ಆಧಾರವಾಯಿತು. ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಮೊಯ್ನಿಹಾನ್ 1978ರ ತಮ್ಮ ಪುಸ್ತಕದಲ್ಲಿ, ಕೇರಳ ಮತ್ತು ಪಶ್ಚಿಮ ಬಂಗಾಳಗಳಲ್ಲಿ ಕಮ್ಯೂನಿಸ್ಟರನ್ನು ತಡೆಯಲು ತಮ್ಮ ದೇಶ ಎರಡು ಬಾರಿ ಕಾಂಗ್ರೆಸ್ಸಿಗೆ ಹಣ ಕೊಟ್ಟಿತ್ತೆಂದು ಬರೆದರು. ಇಂದಿರಾ ಗಾಂಧಿಯವರು, ಅದೇ ವರ್ಷ ಚಿಕ್ಕಮಗಳೂರಿನಿಂದ ಆರಿಸಿಬಂದವರು, ಇದನ್ನು ಅಲ್ಲಗಳೆದರು. 2005ರಲ್ಲಿ ಮಿತ್ರೋಖಿನ್ ಕಡತಗಳು ಸೋವಿಯತ್ ಹಣದ ಕಥೆಯನ್ನು ಹೇಳಿದವು. ಹೀಗೆ ಕೊಟ್ಟವರ ಕಡೆಯಿಂದ ಬಂದದ್ದಷ್ಟೇ ನಮಗೆ ದೊರೆತದ್ದು. ಅದನ್ನು ಎಷ್ಟು ನಂಬಬೇಕೆಂದು ಅಳೆಯಲು ನಮ್ಮ ಬಳಿ ನಮ್ಮದೇ ಆದ ಪ್ರಕಟಿತ ವರದಿಯಿಲ್ಲ. 1976ರಲ್ಲಿ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಕಾನೂನೇನೋ ಬಂತು. ಬಂದದ್ದು ತುರ್ತುಪರಿಸ್ಥಿತಿಯಲ್ಲಿ, ಅದನ್ನು ಚರ್ಚಿಸಬೇಕಾಗಿದ್ದ ಅಡ್ವಾಣಿ, ಮಧು ದಂಡವತೆ ಮೊದಲಾದವರು ನಮ್ಮ ಬೆಂಗಳೂರಿನ ಸೆಂಟ್ರಲ್ ಜೈಲು ಸೇರಿದ್ದಾಗ.

ಹೆಗ್ಡೆಯವರ ಕಥೆ ಇನ್ನೂ ಸ್ವಲ್ಪ ಉಳಿದಿದೆ. 1973ರಲ್ಲಿ ತಮ್ಮನ್ನೂ ಇನ್ನಿಬ್ಬರು ಹಿರಿಯರನ್ನೂ ಬಿಟ್ಟು ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿದಾಗ ಅವರು ರಾಜೀನಾಮೆ ಕೊಟ್ಟರು. 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತು ಹನುಮಂತಯ್ಯನವರನ್ನು ಸೋಲಿಸಿದರು. ತರುವಾಯ ಲೋಕಸಭೆಯ ಅಧ್ಯಕ್ಷರಾದರು. ಶಾಯಿಯ ಚರ್ಚೆ ನಡೆಸಿದ್ದ ಗಾಂಧಿಬಜಾರಿನ ಮತದಾರರಿಗೆ ಅವರೇ ಪ್ರತಿನಿಧಿ. ಆ ಚುನಾವಣೆಯಲ್ಲಿ ಉತ್ತರ ಭಾರತವೆಲ್ಲ ಇಂದಿರಾ ಗಾಂಧಿಯವರನ್ನು ಕೈಬಿಟ್ಟಿತು. ಕರ್ನಾಟಕ ಮಾತ್ರ ತನ್ನ 28 ಸ್ಥಾನಗಳಲ್ಲಿ 26ನ್ನು ಮತ್ತೆ ಅವರ ಪಕ್ಷಕ್ಕೇ ಕೊಟ್ಟಿತು. ಈ ಸಲ ಗಾಂಧಿಬಜಾರಿನಲ್ಲಿ ಯಾರ ಬಾಯಲ್ಲೂ ನಾನು ರಷ್ಯದ ಶಾಯಿಯ ಹೆಸರು ಕೇಳಲಿಲ್ಲ.