ಮೂರನೇ ನಂಬರಿನ ಜ್ಯೂರಿ

‘ಟ್ವೆಲ್ವ್ ಆಂಗ್ರಿ ಮೆನ್’ (1957) ನೋಡಿದ್ದೀರಲ್ಲ? ಅದು ಸಿಕ್ಕಿಲ್ಲ ಅಂದ್ರೆ ಅದರ ಹಿಂದಿ ರೂಪ ‘ಏಕ್ ರುಕಾ ಹುವಾ ಫೈಸ್ಲಾ’ (1986)ವನ್ನಾದರೂ ನೋಡಿರ್ತೀರಿ. ಹಿಂದಿಯಲ್ಲಿ ಪಂಕಜ್ ಕಪೂರ್ ಮಾಡಿದ ಪಾತ್ರವನ್ನು ಇಂಗ್ಲಿಷಿನಲ್ಲಿ ಮಾಡಿದವನು ಲೀ ಜೆ. ಕಾಬ್. ಹುಡುಗ ಅಪರಾಧಿಯೇ ಅಂತ ಕೊನೆವರೆಗೂ ಹಠ ಹಿಡಿದು, ಕಡೆಗೆ ತನ್ನ ಮಗನ ಫೋಟೋ ಹರಿದು ಕುಸಿದು ಅಳುವ ಮೂರನೇ ನಂಬರಿನ ಜ್ಯೂರಿ!

ಆ ದೃಶ್ಯ ನೋಡಿದಾಗೆಲ್ಲ ನನಗೆ ಇನ್ನೊಂದು ವಿಚಾರಣೆ ನೆನಪಾಗುತ್ತೆ. ಅದರಲ್ಲಿ ಕಟಕಟೆ ಹತ್ತಿದವನು ಸ್ವತಃ ಕಾಬ್.

1911ರಲ್ಲಿ ನ್ಯೂಯಾರ್ಕಿನ ಯಹೂದಿ ಮನೆಯಲ್ಲಿ ಹುಟ್ಟಿದ ಈತ 1930ರ ದಶಕದಲ್ಲಿ ಗ್ರೂಪ್ ಥಿಯೇಟರ್ ಸೇರಿದ. ಎಡಪಂಥೀಯ ಕನಸುಗಳ ಕಾಲ ಅದು. 1949ರಲ್ಲಿ ಆರ್ಥರ್ ಮಿಲ್ಲರ್‌ನ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದಲ್ಲಿ ಅರವತ್ತು ದಾಟಿದ ವಿಲ್ಲಿ ಲೋಮನ್ ಆಗಿ ರಂಗಕ್ಕೆ ಬಂದಾಗ ಅವನಿಗಿನ್ನೂ 37 ವರ್ಷ. ನಿರ್ದೇಶಕ ಎಲಿಯಾ ಕಜಾನ್.

ಆಮೇಲೆ ಶುರುವಾಯ್ತು ನೋಡಿ ಗ್ರಹಚಾರ. ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ತಿನ ಸಮಿತಿಯ ಮುಂದೆ 1951ರಲ್ಲಿ ಕಾಬ್‌ನ ಹೆಸರು ಬಂತು. ಎರಡು ವರ್ಷ ಬಾಯಿ ಬಿಡಲಿಲ್ಲ. ಕೆಲಸ ನಿಂತಿತು, ಕೈ ಬರಿದಾಯಿತು. ಹೆಂಡತಿ ಮಾನಸಿಕವಾಗಿ ಕುಗ್ಗಿ ಆಸ್ಪತ್ರೆ ಸೇರಿದಳು. 1953ರಲ್ಲಿ ಕಾಬ್ ಸೋತ. ಹಳೆಯ ಸಂಗಾತಿಗಳ ಇಪ್ಪತ್ತು ಹೆಸರು ಹೇಳಿದ.

ಕೆಲಸ ವಾಪಸ್ ಬಂತು. 1954ರ ‘ಆನ್ ದ ವಾಟರ್‌ಫ್ರಂಟ್’ನ ಖಳನಾಯಕನ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಆಯ್ತು. ಆ ಚಿತ್ರದಲ್ಲಿ ವಿಚಾರಣೆಯಲ್ಲಿ ಬಾಯಿ ಬಿಡುವವನೇ ಹೀರೋ! ಅದರ ನಿರ್ದೇಶಕ ಕಜಾನ್, ಬರೆದ ಬಡ್ ಶುಲ್‌ಬರ್ಗ್ ಇಬ್ಬರೂ ಸಮಿತಿಗೆ ಹೆಸರು ಕೊಟ್ಟವರೇ. ಮರುವರ್ಷ ಕಾಬ್‌ಗೆ ಹೃದಯಾಘಾತ. ಆಗ ಆಸ್ಪತ್ರೆ ಬಿಲ್ ಕಟ್ಟಿದವನು ಗಾಯಕ ಫ್ರಾಂಕ್ ಸಿನಾತ್ರಾ. ಇಬ್ಬರೂ ಅಂಥಾ ಆಪ್ತ ಗೆಳೆಯರೇನೂ ಆಗಿರಲಿಲ್ಲ.

ಅಮೆರಿಕದ ಮನೆಮನೆಗೆ ಕಾಬ್ ಪರಿಚಯವಾದದ್ದು 1962ರಿಂದ, ‘ದ ವರ್ಜೀನಿಯನ್’ ಟೀವಿ ಧಾರಾವಾಹಿಯ ಜಡ್ಜ್ ಗಾರ್ತ್ ಆಗಿ. ಪಾತ್ರದ ಹೆಸರು ನೋಡಿ, ಜಡ್ಜ್! 1966ರಲ್ಲಿ ಅದನ್ನು ಬಿಟ್ಟ. ಅದೇ ವರ್ಷ ವಿಲ್ಲಿ ಲೋಮನ್ ಟೀವಿಗೂ ಬಂದ. ಈ ಸಲ ಕಾಬ್‌ಗೆ 54. ಮುಖದ ಸುಸ್ತಿಗೆ ಮೇಕಪ್ ಅಷ್ಟೇನೂ ಬೇಕಿರಲಿಲ್ಲ ಅನ್ಸುತ್ತೆ. 1976ರಲ್ಲಿ, 64ನೇ ವಯಸ್ಸಿನಲ್ಲಿ ತೀರಿಕೊಂಡ.

ಆ ವಿಲ್ಲಿಯನ್ನು ಸೃಷ್ಟಿಸಿದ ಮಿಲ್ಲರ್‌ನನ್ನೂ 1956ರಲ್ಲಿ ಅದೇ ಸಮಿತಿ ಕರೆಸಿತ್ತು. ಅವನು ಬೇರೆಯವರ ಹೆಸರು ಹೇಳಲಿಲ್ಲ. ಹಾಗಾದ್ರೆ ಕಾಬ್ ಹೇಡಿಯೇ? ಅವನ ಮನೆಯ ಸ್ಥಿತಿ ನೆನೆದರೆ ಹಾಗನ್ನೋಕೆ ನಾಲಿಗೆ ಬರಲ್ಲ. ಆದರೆ ಅವನ ಬಾಯಲ್ಲಿ ಬಂದ ಆ ಇಪ್ಪತ್ತು ಜನರ ಮನೆಯಲ್ಲೂ ಒಲೆ ಉರಿಯಬೇಕಿತ್ತಲ್ಲ?

ನಾನಂತೂ ಇನ್ನೂ ತೀರ್ಪು ಕೊಟ್ಟಿಲ್ಲ. ನೀವೇನಂತೀರಿ?