ಗುಡ್ಡಕ್ಕೆ ಹೊರಟ ಅವ್ವ–ಮಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಹೆಣ್ಣುಮಕ್ಕಳು ಊರು ದಾಟಿ ಹೋಗಲು ಹಿಂದಿನ ಕಾಲದಲ್ಲಿ ಹೆಚ್ಚು ಕಾರಣಗಳಿರಲಿಲ್ಲ. ಬಳಗದಲ್ಲೊಂದು ಮದುವೆ, ಒಂದು ಸಾವು, ಬಾಣಂತನ, ನಾಗರ ಪಂಚಮಿಗೆ ತವರಿನ ಕರೆ. ಇಷ್ಟನ್ನು ಬಿಟ್ಟರೆ ಉಳಿಯುತ್ತಿದ್ದುದು ಯಲ್ಲಮ್ಮನ ಗುಡ್ಡ. ಚಳಿಗಾಲದ ಹುಣ್ಣಿಮೆಗಳಲ್ಲಿ ಚಕ್ಕಡಿ ಕಟ್ಟಿ, ರೊಟ್ಟಿಯ ಬುತ್ತಿ ಇಟ್ಟುಕೊಂಡು, ‘ಉಧೋ ಉಧೋ’ ಎನ್ನುತ್ತ ಮನೆಮಂದಿಯೆಲ್ಲ ಹೊರಡುತ್ತಿದ್ದರು. ಗಂಡಸರಿಗೆ ಅದು ಹರಕೆ ಮತ್ತು ಜಾತ್ರೆ. ಅವ್ವನಿಗೂ ಮಗಳಿಗೂ ಅದರ ಜೊತೆಗೆ ಇನ್ನೊಂದು ಲಾಭವಿತ್ತು: ಒಲೆಯನ್ನೂ ಹೊಲವನ್ನೂ ಬಿಟ್ಟು ದಾರಿಯ ಊರು, ಕೋಟೆ, ಹೊಳೆಗಳನ್ನು ಕಣ್ತುಂಬ ನೋಡುವ ಅವಕಾಶ. ಪ್ರವಾಸ ಎಂಬ ಮಾತು ಹಳ್ಳಿಗೆ ಬರುವ ಮೊದಲೇ ಇದು ಅವರ ಪ್ರವಾಸವಾಗಿತ್ತು.

ಈಗ ಚಕ್ಕಡಿಯ ಜಾಗಕ್ಕೆ ಬಹುಮಟ್ಟಿಗೆ ಬಸ್ಸು ಬಂದಿದೆ. 2023ರ ಜೂನ್ 11ರಂದು ರಾಜ್ಯದಲ್ಲಿ ‘ಶಕ್ತಿ’ ಯೋಜನೆ ಆರಂಭವಾಗಿ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದ ಮೇಲೆ, ಮನೆಯ ಗಂಡಸರ ಜೊತೆ ಇಲ್ಲದೆ, ಅವರ ಬಳಿ ದುಡ್ಡು ಕೇಳದೆ ತಾಯಿ–ಮಗಳು ಬೆಳಿಗ್ಗೆ ಹೊರಟು ಸಂಜೆಗೆ ಮರಳುವುದು ಸಾಧ್ಯವಾಗಿದೆ. ಹೀಗೆ ಕಿತ್ತೂರಿನ ಕಡೆಯಿಂದ ಗುಡ್ಡದವರೆಗೆ ಒಂದು ದಿನ ಸುತ್ತುವವರಿಗೆ ದಾರಿಯುದ್ದಕ್ಕೂ ಇತಿಹಾಸದ ಕೆಲವು ವಿಚಿತ್ರ ಗುರುತುಗಳು ಎದುರಾಗುತ್ತವೆ. ಅವುಗಳಲ್ಲಿ ಬಹಳಷ್ಟು ಹೆಣ್ಣುಮಕ್ಕಳಿಗೆ ಸಂಬಂಧಿಸಿದವು ಎಂಬುದು ಈ ದಾರಿಯ ವಿಶೇಷ.

ಸೊಸೆ ಕಟ್ಟಿಸಿದ ಗುಡಿ

ಕಿತ್ತೂರಿಗೆ ಸಮೀಪದಲ್ಲಿರುವ ದೇಗಾವಿ ಸಣ್ಣ ಊರು. ಅಲ್ಲಿಯ ಕಮಲನಾರಾಯಣ ದೇವಾಲಯ ಮಾತ್ರ ಸಣ್ಣದಲ್ಲ. ಒಂದೇ ಸಾಲಿನಲ್ಲಿ ಮೂರು ಗರ್ಭಗುಡಿಗಳು, ಅವುಗಳ ಮುಂದೆ ಉದ್ದಕ್ಕೂ ಹಬ್ಬಿದ ಕಂಬಗಳ ಮಂಟಪ. ಇದನ್ನು ಸುಮಾರು 1174ರಲ್ಲಿ ಕಟ್ಟಿಸಿದವಳು ಕಮಲಾದೇವಿ; ಗೋವೆಯ ಕದಂಬರ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ. ಶಿಲ್ಪಿಯ ಹೆಸರು ತಿಪ್ಪೋಜ.

ರಾಣಿಯರು ಗುಡಿ ಕಟ್ಟಿಸುವುದು ಆ ಕಾಲಕ್ಕೆ ಅಪರೂಪವಾಗಿರಲಿಲ್ಲ. ಕಮಲಾದೇವಿಯ ಅತ್ತೆ ಮೈಲಲದೇವಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗಳು. ಚಕ್ರವರ್ತಿಯ ಮಗಳನ್ನು ಸಾಮಂತನಿಗೆ ಕೊಟ್ಟು ರಾಜ್ಯದ ಗಡಿ ಭದ್ರಪಡಿಸಿಕೊಳ್ಳುವುದು ಅಂದಿನ ರಾಜನೀತಿ. ಹಾಗೆ ಬಂದ ಹೆಣ್ಣುಮಕ್ಕಳ ವಿಷಯ ವಂಶಾವಳಿಯಲ್ಲಿ ಒಂದೆರಡು ಸಾಲಿಗೆ ಮುಗಿಯುತ್ತಿತ್ತು. ದೇಗಾವಿಯಲ್ಲಿ ಹಾಗಾಗಲಿಲ್ಲ. ದೇವರ ಹೆಸರಿನಲ್ಲಿಯೇ ರಾಣಿಯ ಹೆಸರು ಸೇರಿಕೊಂಡಿದೆ. ಗರ್ಭಗುಡಿಗಳಲ್ಲಿ ಒಂದು ನಾರಾಯಣನದು, ಒಂದು ಲಕ್ಷ್ಮೀನಾರಾಯಣರದು, ಇನ್ನೊಂದು ಕಮಲೆಯದು. ಗಂಡನ ರಾಜಧಾನಿಯ ಕೋಟೆ ಕೊತ್ತಲಗಳು ಕಾಲಕ್ಕೆ ಸಿಕ್ಕು ಹಾಳಾದರೂ ಹೆಂಡತಿಯ ಹೆಸರು ಒಂದು ಹಳ್ಳಿಯ ದಿನನಿತ್ಯದ ಪೂಜೆಯಲ್ಲಿ ಉಳಿದುಕೊಂಡಿತು.

ಗೋಡೆಯ ತೂತಿನಲ್ಲಿ ನಕ್ಷತ್ರ

ದೇಗಾವಿಯಿಂದ ಕಿತ್ತೂರಿಗೆ ಬಂದರೆ ಕೋಟೆಯೊಳಗೆ ಅರಮನೆಯ ಗೋಡೆಗಳು ಅರ್ಧಂಬರ್ಧ ನಿಂತಿವೆ. ನೋಡಲು ಬಂದ ಮಕ್ಕಳು ಮೊದಲು ಹುಡುಕುವುದು ಗೋಡೆಯಲ್ಲಿ ಕೊರೆದ ಒಂದು ದುಂಡು ರಂಧ್ರವನ್ನು. ಅದಕ್ಕೆ ಕಣ್ಣಿಟ್ಟರೆ ರಾತ್ರಿ ಹೊತ್ತು ಧ್ರುವ ನಕ್ಷತ್ರ ಕಾಣುತ್ತಿತ್ತು ಎನ್ನುತ್ತಾರೆ.

ಇದರಲ್ಲಿ ಮಾಟವೇನೂ ಇಲ್ಲ, ಲೆಕ್ಕಾಚಾರವಿದೆ. ಒಂದು ಊರು ಸಮಭಾಜಕ ವೃತ್ತದಿಂದ ಎಷ್ಟು ಡಿಗ್ರಿ ಉತ್ತರಕ್ಕಿದೆಯೋ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಆ ಊರಿನವರಿಗೆ ಧ್ರುವ ನಕ್ಷತ್ರ ಕಾಣುತ್ತದೆ. ಕನ್ಯಾಕುಮಾರಿಯಲ್ಲಿ 8 ಡಿಗ್ರಿ, ಶ್ರೀನಗರದಲ್ಲಿ 34 ಡಿಗ್ರಿ. ಕಿತ್ತೂರಿನಲ್ಲಿ ಅದು ಹದಿನೈದೂವರೆಯ ಆಸುಪಾಸು. ಉತ್ತರ ದಿಕ್ಕನ್ನು ಸರಿಯಾಗಿ ಹಿಡಿದು, ಅಷ್ಟೇ ಓರೆಯಾಗಿ ಗೋಡೆಯಲ್ಲಿ ಕೊಳವೆಯಂತೆ ದಾರಿ ಬಿಟ್ಟರೆ ನಕ್ಷತ್ರ ಅದರಲ್ಲಿ ಸಿಕ್ಕಿಬೀಳುತ್ತದೆ. ಗೋಡೆ ಎಬ್ಬಿಸಿದ ಗೌಂಡಿಗೂ ಆಕಾಶ ಬಲ್ಲ ಜೋಯಿಸನಿಗೂ ಒಪ್ಪಂದವಾಗದೆ ಇಂಥ ಕೆಲಸ ಸಾಗುವುದಿಲ್ಲ.

ಮದುವೆಯಾದ ಹುಡುಗಿಗೆ ಧ್ರುವ ನಕ್ಷತ್ರ ತೋರಿಸುವ ಶಾಸ್ತ್ರ ಅನೇಕ ಮನೆತನಗಳಲ್ಲಿದೆ. ಅದು ಕದಲುವುದಿಲ್ಲ, ನೀನೂ ಗಂಡನ ಮನೆಯಲ್ಲಿ ಕದಲಬೇಡ ಎಂಬುದು ಅದರ ತಾತ್ಪರ್ಯ. ಆದರೆ ಧ್ರುವ ನಕ್ಷತ್ರವೂ ಕದಲುತ್ತದೆ. ಆಕಾಶದ ಉತ್ತರ ಧ್ರುವಬಿಂದುವಿನ ಸುತ್ತ ಅದು ಚಿಕ್ಕದೊಂದು ವೃತ್ತದಲ್ಲಿ ತಿರುಗುತ್ತದೆ. ಈಗ ಆ ಬಿಂದುವಿನಿಂದ ಅದರ ದೂರ ಒಂದು ಡಿಗ್ರಿಗಿಂತ ಕಡಿಮೆ. ರಾಣಿ ಚೆನ್ನಮ್ಮನ ಕಾಲದಲ್ಲಿ ಎರಡು ಡಿಗ್ರಿಗೆ ತುಸು ಕಡಿಮೆ ಇತ್ತು.

ಬಿಟ್ಟು ಕಳಿಸಿದ ಕೈದಿ

ಚೆನ್ನಮ್ಮನ ಕಥೆ ಈ ನಾಡಿನಲ್ಲಿ ಗೊತ್ತಿಲ್ಲದವರಿಲ್ಲ. ಬೆಳಗಾವಿ ಬಳಿಯ ಕಾಕತಿಯ ಮಗಳು, ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ಮಾಡಿಕೊಂಡಿದ್ದ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು.

ಈ ಎರಡು ಕಾಳಗಗಳ ನಡುವೆ ನಡೆದ ಒಂದು ಸಣ್ಣ ಸಂಗತಿ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಮೊದಲ ದಿನದ ಕಾಳಗದಲ್ಲಿ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಕಿತ್ತೂರಿನವರ ಕೈಗೆ ಸಿಕ್ಕಿದ್ದರು: ಸ್ಟೀವನ್‌ಸನ್ ಮತ್ತು ಇಲಿಯಟ್. ಅವರನ್ನು ಕೊಲ್ಲಲಿಲ್ಲ; ಡಿಸೆಂಬರ್ ಆರಂಭದಲ್ಲಿ ಬಿಡುಗಡೆ ಮಾಡಲಾಯಿತು. ವಾಲ್ಟರ್ ಇಲಿಯಟ್‌ಗೆ ಆಗ 21 ವರ್ಷ. ಮುಂದೆ ಇದೇ ಇಲಿಯಟ್ ಕನ್ನಡ ಸೀಮೆಯ ಊರೂರು ಸುತ್ತಿಸಿ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದ. ಆ ಕಲ್ಲುಗಳ ಆಧಾರದಿಂದ 1830ರ ದಶಕದಲ್ಲಿ ಅವನು ಬರೆದ ಲೇಖನ ಚಾಲುಕ್ಯರ ಇತಿಹಾಸವನ್ನು ಮೊದಲ ಬಾರಿಗೆ ಒಂದು ಕ್ರಮಕ್ಕೆ ತಂದಿತು. ಅನಂತರ ಬಂದ ಫ್ಲೀಟ್ ಮೊದಲಾದವರಿಗೆ ಅದೇ ಬುನಾದಿ. ಗೋವೆಯ ಕದಂಬರ ಶಾಸನಗಳನ್ನು, ದೇಗಾವಿಯದನ್ನೂ ಸೇರಿಸಿ, ಅಚ್ಚು ಹಾಕಿಸಿದವನು ಫ್ಲೀಟ್. ಒಬ್ಬ ರಾಣಿ ಜೀವ ಉಳಿಸಿ ಕಳಿಸಿದ ಕೈದಿಯಿಂದ ಆರಂಭವಾದ ಕೆಲಸ, ಮುಂದೆ ಪಕ್ಕದ ಹಳ್ಳಿಯ ಇನ್ನೊಬ್ಬ ರಾಣಿಯ ಹೆಸರು ಲೋಕಕ್ಕೆ ತಿಳಿಯುವುದಕ್ಕೂ ದಾರಿಯಾಯಿತು.

ಹೊಂಗಲದಲ್ಲಿ ಮುಗಿದ ದಾರಿ

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಬಸ್ಸಿನಲ್ಲಿ ಬಹಳ ಹೊತ್ತು ಬೇಡ. ಇದೇ ದಾರಿಯಲ್ಲಿ ಚೆನ್ನಮ್ಮನನ್ನು 1824ರ ಡಿಸೆಂಬರಿನಲ್ಲಿ ಸೆರೆಯಾಳಾಗಿ ತಂದರು. ಜೊತೆಗಿದ್ದವರು ಸೊಸೆಯರಾದ ವೀರಮ್ಮ ಮತ್ತು ಜಾನಕಿಬಾಯಿ. ರಾಜ್ಯ ಕಳೆದುಕೊಂಡ ಮನೆತನದ ಹೆಂಗಸರನ್ನು ಹೊಂಗಲದ ಕೋಟೆಯಲ್ಲಿ ಕಾವಲಿನಲ್ಲಿ ಇಟ್ಟರು. ನಾಲ್ಕು ವರ್ಷಗಳ ಮೇಲೆ, 1829ರ ಫೆಬ್ರುವರಿಯಲ್ಲಿ ಚೆನ್ನಮ್ಮ ಅಲ್ಲಿಯೇ ತೀರಿಕೊಂಡಳು. ಲಿಂಗಾಯತ ಸಂಪ್ರದಾಯದಂತೆ ಅವಳ ದೇಹವನ್ನು ಸುಡದೆ ಮಣ್ಣು ಮಾಡಿದ್ದರಿಂದ ಊರಿನಲ್ಲಿ ಅವಳ ಸಮಾಧಿ ಇದೆ. ದೆಹಲಿಯ ಸಂಸತ್ ಭವನದ ಆವರಣದಲ್ಲಿ 2007ರಲ್ಲಿ ನಿಂತ ಪ್ರತಿಮೆಯಲ್ಲಿ ಅವಳು ಕುದುರೆ ಏರಿದ್ದಾಳೆ. ಬೈಲಹೊಂಗಲದ ಸಮಾಧಿಯ ಮುಂದೆ ನಿಂತವರಿಗೆ ಕಾಣುವುದು ಸೋತ ಮೇಲಿನ ನಾಲ್ಕು ವರ್ಷ. ಮಗಳಿಗೆ ಎರಡನ್ನೂ ಹೇಳಿದರೆ ಮಾತ್ರ ಕಥೆ ಪೂರ್ತಿಯಾಗುತ್ತದೆ.

ಬೈಲಹೊಂಗಲ ತಾಲ್ಲೂಕಿನಲ್ಲಿಯೇ ಬೆಳವಡಿ ಇದೆ. ಹದಿನೇಳನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ದಕ್ಷಿಣ ದಂಡಯಾತ್ರೆ ಮುಗಿಸಿ ಮರಳುತ್ತಿದ್ದ ಶಿವಾಜಿಯ ಸೈನ್ಯವನ್ನು ಇಲ್ಲಿ ವಾರಗಟ್ಟಲೆ ತಡೆದವಳು ದೇಸಾಯಿಣಿ ಮಲ್ಲಮ್ಮ. ಮರಾಠಿ ಬರಹಗಳು ಈ ಕಾಳಗದ ಹೆಣ್ಣನ್ನು ಸಾವಿತ್ರಿಬಾಯಿ ಎಂದು ಕರೆಯುತ್ತವೆ. ಧಾರವಾಡ ತಾಲ್ಲೂಕಿನ ಯಾದವಾಡದಲ್ಲಿ ಇದರ ನೆನಪಿನದೆಂದು ಗುರುತಿಸಲಾದ ಒಂದು ಕಲ್ಲಿದೆ. ಅದರ ಮೇಲ್ಭಾಗದಲ್ಲಿ ಶಿವಾಜಿ ಕುದುರೆಯ ಮೇಲಿದ್ದಾನೆ. ಕೆಳಭಾಗದಲ್ಲಿ ಕುಳಿತು ತೊಡೆಯ ಮೇಲೆ ಮಲ್ಲಮ್ಮನ ಮಗುವನ್ನು ಇಟ್ಟುಕೊಂಡಿದ್ದಾನೆ, ಕೈಯಲ್ಲಿ ಹಾಲಿನ ಬಟ್ಟಲು. ಕಾಳಗದ ಕಲ್ಲಿನಲ್ಲಿ ಕೂಸಿಗೆ ಹಾಲು ಕುಡಿಸುವ ಚಿತ್ರ ಇನ್ನೆಲ್ಲಿಯೂ ಸುಲಭಕ್ಕೆ ಸಿಗದು. ಗೆದ್ದವನನ್ನು ಮಗುವಿನ ಮಾವನನ್ನಾಗಿ ಮಾಡಿಕೊಳ್ಳುವುದು ಸೋತ ಕಡೆಯವರು ಮಾನ ಉಳಿಸಿಕೊಂಡ ರೀತಿ.

ವಿಧವೆಯಾಗುವ ದೇವಿ

ಸವದತ್ತಿ ಒಂದು ಕಾಲಕ್ಕೆ ಸುಗಂಧವರ್ತಿ. ರಟ್ಟ ಅರಸರ ರಾಜಧಾನಿ. ಶಿರಸಂಗಿ ದೇಸಾಯರು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆ ಊರಿನ ಮಧ್ಯದಲ್ಲೇ ಇದೆ. ಅಲ್ಲಿಂದ ಮುಂದೆ ಗುಡ್ಡ. ಯಲ್ಲಮ್ಮನ ಈಗಿನ ಗುಡಿಯನ್ನು ರಾಯಬಾಗದ ಬೊಮ್ಮಪ್ಪ ನಾಯಕ 1514ರಲ್ಲಿ ಕಟ್ಟಿಸಿದನೆಂದು ಹೇಳುತ್ತಾರೆ. ಮೊದಲು ಜೋಗುಳಬಾವಿ ಅಥವಾ ಎಣ್ಣೆಹೊಂಡದಲ್ಲಿ ಸ್ನಾನ, ಆಮೇಲೆ ಹಣೆತುಂಬ ಭಂಡಾರ.

ಈ ಗುಡಿಯ ಪಂಚಾಂಗ ಬೇರೆಲ್ಲೂ ಕಾಣದಂಥದು. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ದೇವಿ ವಿಧವೆಯಾಗುತ್ತಾಳೆ. ಅವಳ ಕಂಕಣ, ಮಂಗಳಸೂತ್ರ ತೆಗೆಯುತ್ತಾರೆ. ಮಾಘದ ಭಾರತ ಹುಣ್ಣಿಮೆಗೆ ಮತ್ತೆ ತೊಡಿಸುತ್ತಾರೆ, ದೇವಿ ಮುತ್ತೈದೆಯಾಗುತ್ತಾಳೆ. ಕಾರ್ತವೀರ್ಯನಿಂದ ಜಮದಗ್ನಿ ಹತನಾಗಿ ಮತ್ತೆ ಬದುಕಿದ ಪುರಾಣ ಇದರ ಹಿಂದಿದೆ. ಗಂಡ ಸತ್ತ ಹೆಣ್ಣನ್ನು ಮಂಗಳಕಾರ್ಯಗಳಿಂದ ದೂರವಿಟ್ಟ ಸಮಾಜವೇ ಎರಡು ತಿಂಗಳು ವಿಧವೆಯ ವೇಷದ ದೇವಿಗೆ ಕೈಮುಗಿಯುತ್ತ ಬಂದಿದೆ.

ಆದರೆ ಎಲ್ಲ ಹೆಣ್ಣುಮಕ್ಕಳೂ ಈ ಗುಡ್ಡದಿಂದ ಬಂದಂತೆಯೇ ಮರಳಲಿಲ್ಲ. ತಲೆಯಲ್ಲಿ ಜಡೆಗಟ್ಟಿತೆಂದು, ಮನೆಯಲ್ಲಿ ಕಾಯಿಲೆಯೆಂದು, ಗಂಡುಮಗುವಿಲ್ಲದ್ದರಿಂದ ಮಗಳು ಮನೆಯಲ್ಲೇ ಉಳಿಯಲೆಂದು ಹೆತ್ತವರೇ ಮಗಳನ್ನು ಕರೆತಂದು ಕೊರಳಿಗೆ ಮುತ್ತು ಕಟ್ಟಿಸುತ್ತಿದ್ದರು. ಏನೆಂದು ತಿಳಿಯುವ ವಯಸ್ಸಿಗೆ ಮೊದಲೇ ಹುಡುಗಿ ದೇವದಾಸಿಯಾಗುತ್ತಿದ್ದಳು. ಇವರಲ್ಲಿ ಬಹುಪಾಲು ದಲಿತ ಕುಟುಂಬದವರು. ಮುಂಬಯಿ ಸರ್ಕಾರ 1934ರಲ್ಲಿ, ಕರ್ನಾಟಕ 1982ರಲ್ಲಿ ಕಾಯ್ದೆ ತಂದು ಇದನ್ನು ನಿಷೇಧಿಸಿದವು. ಗುಡ್ಡದಲ್ಲಿ ಬಹಿರಂಗವಾಗಿ ನಡೆಯುವುದು ನಿಂತ ಮೇಲೂ ಮರೆಯಲ್ಲಿ ಅದು ಸಾಗಿತು. 1993–94ರ ಸರ್ಕಾರಿ ಸಮೀಕ್ಷೆಯಲ್ಲಿ 22,873, 2007–08ರದರಲ್ಲಿ 23,787 ಮಹಿಳೆಯರು ದೇವದಾಸಿಯರೆಂದು ದಾಖಲಾದರು. ಕಾಯ್ದೆಯಷ್ಟೇ ಕೆಲಸ ಮಾಡಿದ್ದು ಆ ಹೆಣ್ಣುಮಕ್ಕಳ ಸಂಘಟನೆ. ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿಯರೇ ಕಟ್ಟಿಕೊಂಡ ‘ಮಾಸ್’ ಸಂಸ್ಥೆಯ ಕಾರ್ಯಕರ್ತೆಯರು ತಮ್ಮ ಕೊರಳಿಗೆ ಬಿದ್ದದ್ದು ಮಗಳ ಕೊರಳಿಗೆ ಬೀಳದಂತೆ ಮನೆಮನೆಗೆ ಹೋಗಿ ಕಾವಲು ಕಾಯ್ದರು.

ಗುಡ್ಡದ ದೇವಿಯ ಕಥೆ ಆರಂಭವಾಗುವುದೂ ಹೆಣ್ಣೊಬ್ಬಳು ಹೊರಗೆ ಹೋದುದರಿಂದಲೇ. ರೇಣುಕೆ ದಿನಾಲೂ ಹೊಳೆಗೆ ಹೋಗಿ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿಕೊಂಡು ನೀರು ತರುತ್ತಿದ್ದಳು. ಒಂದು ದಿನ ಹೊಳೆಯಲ್ಲಿ ಗಂಧರ್ವರ ಜಲಕ್ರೀಡೆಯನ್ನು ಒಂದು ಗಳಿಗೆ ನಿಂತು ನೋಡಿದಳು. ಮರಳಿನ ಕೊಡ ನಿಲ್ಲಲಿಲ್ಲ, ಗಂಡನ ಸಿಟ್ಟೂ ನಿಲ್ಲಲಿಲ್ಲ. ತಂದೆಯ ಮಾತಿನಂತೆ ಮಗನೇ ತಾಯಿಯ ತಲೆ ಕಡಿದ. ನಿಂತು ನೋಡಿದ್ದಕ್ಕೆ ಅಷ್ಟು ದೊಡ್ಡ ಶಿಕ್ಷೆ ಪಡೆದವಳನ್ನೇ ಜನ ತಾಯಿ ಎಂದು ಗುಡ್ಡದ ಮೇಲೆ ಕೂರಿಸಿದರು.

ಅವಳನ್ನು ಕಾಣಲು ಬರುವ ಅವ್ವ–ಮಗಳು ಇಂದು ದೇಗಾವಿಯಲ್ಲಿ, ಕಿತ್ತೂರಿನಲ್ಲಿ, ಹೊಂಗಲದಲ್ಲಿ ಬೇಕಾದಷ್ಟು ಹೊತ್ತು ನಿಂತು ನೋಡಬಹುದು. ಸಂಜೆಯ ಬಸ್ಸಿಗೆ ಇಬ್ಬರೂ ಕೂಡಿಯೇ ಮನೆಗೆ ಮರಳಬಹುದು.