ವಿದೇಶದಲ್ಲಿ ನೆಲೆಸಿದ ಕುಟುಂಬಗಳು: ಮಗುವಿನ ಜನನ ನೋಂದಣಿ ಮತ್ತು ಭಾರತೀಯ ಪೌರತ್ವ

ಉದ್ಯೋಗ ನಿಮಿತ್ತ ವಿದೇಶಕ್ಕೆ ತೆರಳಿ ನೆಲೆಸಿದ ಭಾರತೀಯ ಪೌರರಿಗೆ ಅಲ್ಲಿ ಮಗು ಜನಿಸಿದಲ್ಲಿ, ಆ ದೇಶದ ಜನನ ಪ್ರಮಾಣ ಪತ್ರ ಮಾತ್ರದಿಂದ ಮಗುವಿಗೆ ಭಾರತೀಯ ಪೌರತ್ವ ಪ್ರಾಪ್ತವಾಗುವುದಿಲ್ಲ.

ನೋಂದಣಿಯ ಅವಧಿ: ಪೌರತ್ವ ಅಧಿನಿಯಮ, 1955ರ 4ನೇ ಪ್ರಕರಣದ ಮೇರೆಗೆ, ದಿನಾಂಕ 3-12-2004ರಿಂದೀಚೆಗೆ ಜನಿಸಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸತಕ್ಕದ್ದು. ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯ ಪೌರರಾಗಿದ್ದರೂ ಈ ಅವಕಾಶವುಂಟು. ಅವಧಿ ಮೀರಿದಲ್ಲಿ ಕೇಂದ್ರ ಸರ್ಕಾರದ ಅನುಮತಿ ಅವಶ್ಯಕ.

ಘೋಷಣೆ: ಮಗುವು ಅನ್ಯ ದೇಶದ ಪಾಸ್‌ಪೋರ್ಟ್ ಹೊಂದಿಲ್ಲವೆಂದು ಪೋಷಕರು ಲಿಖಿತವಾಗಿ ಘೋಷಿಸತಕ್ಕದ್ದು. ಕೆನಡಾದಲ್ಲಿ ಜನಿಸಿದ ಮಗುವಿಗೆ ಸಾಮಾನ್ಯವಾಗಿ ಹುಟ್ಟಿನಿಂದಲೇ ಅಲ್ಲಿನ ಪೌರತ್ವ ದೊರೆಯುವುದರಿಂದ, ಅಲ್ಲಿನ ಪಾಸ್‌ಪೋರ್ಟ್ ಪಡೆಯುವ ಮುನ್ನವೇ ಪೋಷಕರು ಈ ಬಗ್ಗೆ ತೀರ್ಮಾನಿಸುವುದು ಸೂಕ್ತ. ಎರಡೂ ಪೌರತ್ವವುಳ್ಳ ಮಗುವು ಪ್ರಾಪ್ತ ವಯಸ್ಸಿಗೆ ಬಂದ ಆರು ತಿಂಗಳೊಳಗೆ ಅನ್ಯ ಪೌರತ್ವವನ್ನು ತ್ಯಜಿಸದಿದ್ದಲ್ಲಿ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ.

ವಿಳಂಬದ ಪರಿಣಾಮ: ಕರಾವಳಿ ಕರ್ನಾಟಕದ ಅನೇಕ ಕುಟುಂಬಗಳು ವಾಸಿಸುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಿದೇಶಿ ದಂಪತಿಗಳ ಮಗುವಿಗೆ ಜನನಮಾತ್ರದಿಂದ ಅಲ್ಲಿನ ಪೌರತ್ವ ಲಭಿಸದು. ನೋಂದಣಿ ತಪ್ಪಿದಲ್ಲಿ ಮಗುವಿಗೆ ಯಾವ ದೇಶದ ಪಾಸ್‌ಪೋರ್ಟೂ ಇಲ್ಲದಂತಾಗಿ ವಾಸ್ತವ್ಯ ವೀಸಾ, ಶಾಲಾ ಪ್ರವೇಶ ಹಾಗೂ ಸ್ವದೇಶ ಪ್ರಯಾಣಕ್ಕೆ ಅಡಚಣೆಯುಂಟಾಗಬಹುದು.

ಸ್ವದೇಶಕ್ಕೆ ಮರಳಿದಲ್ಲಿ: ವಿದೇಶದಲ್ಲಿ ನೋಂದಾಯಿಸದಿದ್ದ ಜನನವನ್ನು, ಭಾರತದಲ್ಲಿ ನೆಲೆಸಲು ಹಿಂದಿರುಗಿದ ಪೋಷಕರು, ಮಗು ಆಗಮಿಸಿದ 60 ದಿನಗಳೊಳಗೆ ಜನನ ಮರಣ ನೋಂದಣಿ ಅಧಿನಿಯಮ, 1969ರ 20ನೇ ಪ್ರಕರಣದನ್ವಯ ಇಲ್ಲಿ ದಾಖಲಿಸಬಹುದು. ಆದರೆ ಇದು ದೂತಾವಾಸದ ಪೌರತ್ವ ನೋಂದಣಿಗೆ ಬದಲಿಯಲ್ಲ.